ಡಿಕ್ಕಿಯಲ್ಲೊಂದು ಗಟ್ಟಿ ಹಲಗೆ: ಕಾರಿನ ಆಂಪ್ಲಿಫೈಯರಿಗೆ ಮನೆಯಲ್ಲೇ ಮಾಡುವ ರ‍್ಯಾಕ್



ನಮ್ಮ ಕನ್ನಡ ಕಾರ್ಯಕ್ರಮವನ್ನು ಮನೆಯ ಹಾಲಿನಲ್ಲಿ ಕೂತು ಕೇಳುವವರಿಗಿಂತ ಕಾರಿನಲ್ಲಿ, ಟ್ರಾಫಿಕ್ಕಿನ ನಡುವೆ ಸಿಕ್ಕಿಕೊಂಡು ಕೇಳುವವರೇ ಹೆಚ್ಚು ಎಂದು ನಮಗೆ ಗೊತ್ತು. ಅಂಧೇರಿಯ ಸಿಗ್ನಲ್ ಇರಲಿ, ಹಿಂಜವಡಿಯ ತಿರುವು ಇರಲಿ, ಚೆನ್ನೈನ ಗಿಂಡಿ ಇರಲಿ, ಕಾರು ಆಮೆಯಾದಾಗ ಕೈಹಿಡಿಯುವುದು ಹಾಡೊಂದೇ. ಹಾಗಾಗಿ ಕಾರಿನಲ್ಲಿ ಹಾಡು ಚೆನ್ನಾಗಿ ಕೇಳಬೇಕೆಂಬ ಆಸೆ ಸಹಜ. ಕಂಪನಿಯವರು ಕೊಟ್ಟ ಸ್ಪೀಕರ್ ಸಾಲದೆ ಒಂದು ಆಂಪ್ಲಿಫೈಯರ್, ಒಂದು ಸಬ್‌ವೂಫರ್ ಹಾಕಿಸಿಕೊಳ್ಳುತ್ತೇವೆ. ಸಾವಿರಾರು ರೂಪಾಯಿ ಕೊಟ್ಟು ತಂದ ಆ ಪೆಟ್ಟಿಗೆಯನ್ನು ಕಾರಿನಲ್ಲಿ ಎಲ್ಲಿ ಕೂರಿಸಬೇಕು, ಹೇಗೆ ಬಿಗಿಯಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅಂಗಡಿಯ ಹುಡುಗ ನಾಲ್ಕು ಸ್ಕ್ರೂ ತಿರುಗಿಸಿ, ಎರಡು ವೈರ್ ಚುಚ್ಚಿ, ಹಾಡು ಹಚ್ಚಿ ತೋರಿಸುತ್ತಾನೆ. ನಾವು ಖುಷಿಯಿಂದ ಮನೆಗೆ ಬರುತ್ತೇವೆ.

ನಾನೂ ಹಾಗೇ ಬಂದಿದ್ದೆ. 2008ರ ಮಾತು. ದೀಪಾವಳಿಗೆ ಪುಣೆಯಿಂದ ಊರಿಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗ, ಡಿಕ್ಕಿಯಲ್ಲಿ ಚೀಲಗಳು, ಚೀಲಗಳ ಹಿಂದೆ ಹೊಸ ಆಂಪ್ಲಿಫೈಯರ್. ಅಂಗಡಿಯವರು ಅದನ್ನು ಸಬ್‌ವೂಫರ್ ಪೆಟ್ಟಿಗೆಯ ಬೆನ್ನಿಗೇ ಸ್ಕ್ರೂ ಹಾಕಿ ಕೂರಿಸಿದ್ದರು. ಖಂಬಾಟಕಿ ಘಾಟಿ ದಾಟಿದ ಮೇಲೆ ಮಗ "ಅಪ್ಪಾ, ಏನೋ ಸುಟ್ಟ ವಾಸನೆ" ಅಂದ. ನಿಲ್ಲಿಸಿ ನೋಡಿದರೆ ಹೊಗೆ! ಪೆಟ್ಟಿಗೆಯ ಅದುರಾಟಕ್ಕೆ ಸ್ಕ್ರೂಗಳು ಒಂದೊಂದಾಗಿ ಸಡಿಲಾಗಿ, ಆಂಪ್ಲಿಫೈಯರ್ ತನ್ನದೇ ವೈರುಗಳಲ್ಲಿ ನೇತಾಡಿ, ಪಾಸಿಟಿವ್ ವೈರು ಸೀಟಿನ ಕೀಲಿಗೆ ಸಿಕ್ಕಿ ಸಿಪ್ಪೆ ಸುಲಿದುಕೊಂಡಿತ್ತು. ಬ್ಯಾಟರಿಯ ಬಳಿ ಇರಬೇಕಾಗಿದ್ದ ಫ್ಯೂಸು ಇರಲೇ ಇಲ್ಲ. ಟೂಲ್ ಕಿಟ್ಟಿನಲ್ಲಿದ್ದ 10 ನಂಬರಿನ ಸ್ಪ್ಯಾನರಿನಿಂದ ಬ್ಯಾಟರಿಯ ತಂತಿ ಬಿಚ್ಚಿದ್ದರಿಂದ ಬಚಾವಾದೆವು. ಅಂಗೈ ಅಗಲ ಕಾರ್ಪೆಟ್ ಸುಟ್ಟಿತ್ತು, ಅಷ್ಟೆ. ಅಮ್ಮ ಮುಂದಿನ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಅದೇ ನನಗೆ ದೊಡ್ಡ ಬೈಗುಳ.

ಆ ದೀಪಾವಳಿಯ ನಂತರ ರ‍್ಯಾಕನ್ನು ನಾನೇ ಮಾಡಿಕೊಂಡೆ. ಇದು ಬಡಗಿಯ ಕೆಲಸವೂ ಅಲ್ಲ, ಇಂಜಿನಿಯರನ ಕೆಲಸವೂ ಅಲ್ಲ. ಎರಡು ಭಾನುವಾರ, ಒಂದು ಡ್ರಿಲ್, ಒಂದಿಷ್ಟು ತಾಳ್ಮೆ ಇದ್ದರೆ ನೀವೂ ಮಾಡಬಹುದು. ಬನ್ನಿ, ಒಂದೊಂದಾಗಿ ನೋಡೋಣ.

ಎಲ್ಲಿ ಬೇಡ, ಎಲ್ಲಿ ಬೇಕು

ಮೊದಲು ಎಲ್ಲಿ ಬೇಡ ಎಂಬುದನ್ನು ತಿಳಿದುಕೊಳ್ಳಿ.

ಸಬ್‌ವೂಫರ್ ಪೆಟ್ಟಿಗೆಯ ಮೇಲೆ ಬೇಡ. ಅಲ್ಲಿ ವೈರ್ ಉಳಿಯುತ್ತದೆ, ಜಾಗ ಉಳಿಯುತ್ತದೆ, ನಿಜ. ಆದರೆ ಆ ಪೆಟ್ಟಿಗೆ ಹುಟ್ಟಿರುವುದೇ ಅದುರುವುದಕ್ಕೆ. ಸೆಕೆಂಡಿಗೆ ಐವತ್ತು-ಅರವತ್ತು ಸಲ ಅದುರುವ ಹಲಗೆಯ ಮೇಲೆ ಬೆಸುಗೆ ಹಾಕಿದ ಸರ್ಕ್ಯೂಟ್ ಕೂರಿಸಿದರೆ ಒಂದಲ್ಲ ಒಂದು ದಿನ ಬೆಸುಗೆ ಬಿರಿಯುತ್ತದೆ, ಸ್ಕ್ರೂ ಸಡಿಲಾಗುತ್ತದೆ. ಸ್ಕ್ರೂ ತೂತಿನಿಂದ ಪೆಟ್ಟಿಗೆಯ ಗಾಳಿ ಸೋರಿ ಬೇಸ್ ಕೂಡ ಹಾಳಾಗುತ್ತದೆ.

ಹಿಂದಿನ ಗಾಜಿನ ಕೆಳಗಿನ ಪಾರ್ಸೆಲ್ ಟ್ರೇ ಅಡಿಯಲ್ಲಿ ತಲೆಕೆಳಗಾಗಿ ಬೇಡ. ಬಿಸಿಗಾಳಿ ಮೇಲಕ್ಕೆ ಏರುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆಂಪ್ಲಿಫೈಯರಿನ ಬೆನ್ನ ಮೇಲಿರುವ ಲೋಹದ ಏಣುಗಳು ಶಾಖ ಹೊರಹಾಕುವುದಕ್ಕೆ ಇರುವಂಥವು. ಅವನ್ನು ಕೆಳಮುಖ ಮಾಡಿದರೆ ಶಾಖ ಹೊರಗೆ ಹೋಗದೆ ಒಳಗಿನ ಸರ್ಕ್ಯೂಟಿಗೇ ಏರುತ್ತದೆ.

ಡಿಕ್ಕಿಯ ನೆಲದ ಮೇಲೂ ಬೇಡ. ಊರಿಂದ ಬರುವಾಗ ನಮ್ಮ ಡಿಕ್ಕಿ ಹೇಗಿರುತ್ತದೆಂದು ಹೇಳಬೇಕೆ? ಉಪ್ಪಿನಕಾಯಿ ಜಾಡಿ, ತೆಂಗಿನಕಾಯಿ ಮೂಟೆ, ಮಾವಿನಹಣ್ಣಿನ ಬುಟ್ಟಿ, ಸೋರುವ ನೀರಿನ ಕ್ಯಾನು. ಇವುಗಳ ಅಡಿಯಲ್ಲಿ ಆಂಪ್ಲಿಫೈಯರ್ ಉಸಿರಾಡುವುದು ಹೇಗೆ?

ಇನ್ನು ಸಿಎನ್‌ಜಿ ಕಾರಿನವರಿಗೆ ವಿಶೇಷ ಸೂಚನೆ. ಮುಂಬೈ, ಪುಣೆ, ದೆಹಲಿಯ ಕೇಳುಗರಲ್ಲಿ ಬಹಳ ಮಂದಿಯ ಡಿಕ್ಕಿಯಲ್ಲಿ ಸಿಲಿಂಡರ್ ಇರುತ್ತದೆ. ಸಿಲಿಂಡರಿಗೆ, ಅದರ ಪಟ್ಟಿಗೆ, ಅದರ ಕೊಳವೆಗೆ ತಾಗುವಂತೆ ಏನನ್ನೂ ಕಟ್ಟಬೇಡಿ, ಅದರ ಚೌಕಟ್ಟಿಗೆ ತೂತು ಕೊರೆಯಬೇಡಿ. ಫ್ಯೂಸ್, ರಿಲೇ ಮುಂತಾದ ಕಿಡಿ ಹಾರಬಹುದಾದ ವಸ್ತುಗಳನ್ನು ಅದರ ಪಕ್ಕ ಇಡಲೇಬೇಡಿ. ಜತೆಗೆ, ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಹೈಡ್ರೋ ಪರೀಕ್ಷೆ ಕಡ್ಡಾಯ. ಆಗ ಅದನ್ನು ಹೊರಗೆ ತೆಗೆಯಬೇಕಾಗುತ್ತದೆ. ನಿಮ್ಮ ರ‍್ಯಾಕ್ ಅದಕ್ಕೆ ಅಡ್ಡ ನಿಂತರೆ ಅವತ್ತು ಎಲ್ಲವನ್ನೂ ಬಿಚ್ಚಬೇಕು. ಸಿಎನ್‌ಜಿ ಕಾರಿಗೆ ನನ್ನ ಸಲಹೆ ಇಷ್ಟೆ: ರ‍್ಯಾಕಿನ ಗೋಜೇ ಬೇಡ. ಚಿಕ್ಕ ಕ್ಲಾಸ್-ಡಿ ಆಂಪ್ಲಿಫೈಯರ್ ಒಂದನ್ನು ಮುಂದಿನ ಸೀಟಿನ ಅಡಿಯಲ್ಲಿ, ಸೀಟು ಹಿಂದೆ ಮುಂದೆ ಸರಿಯುವಾಗ ತಾಗದಂತೆ ಕೂರಿಸಿ.

ಹಾಗಾದರೆ ಎಲ್ಲಿ ಬೇಕು? ಸೆಡಾನ್ ಕಾರಿನಲ್ಲಿ ಹಿಂದಿನ ಸೀಟಿನ ಬೆನ್ನ ಹಿಂದೆ, ಡಿಕ್ಕಿಯ ಕಡೆಗೆ ಕಾಣುವ ಕಬ್ಬಿಣದ ಗೋಡೆ ಅತ್ಯುತ್ತಮ. ಹಲಗೆ ನೆಟ್ಟಗೆ ನಿಲ್ಲುತ್ತದೆ, ಚೀಲಗಳಿಗೆ ಜಾಗ ಉಳಿಯುತ್ತದೆ, ಬಿಸಿ ಸಲೀಸಾಗಿ ಮೇಲೇರುತ್ತದೆ. ಹ್ಯಾಚ್‌ಬ್ಯಾಕಿನಲ್ಲಿ ಸೀಟು ಮಡಚುವಂಥದ್ದು. ಅಲ್ಲಿ ಸೀಟಿನ ಬೆನ್ನಿಗೇ ಹಲಗೆ ಕಟ್ಟಿದರೆ ಮಡಚಿದಾಗಲೆಲ್ಲ ವೈರು ಎಳೆದಾಡುತ್ತದೆ. ಅದರ ಬದಲು ಡಿಕ್ಕಿಯ ಪಕ್ಕದ ಗೋಡೆ, ಅಥವಾ ಸ್ಟೆಪ್ನಿಯ ಮೇಲೆ ಎರಡನೆಯ ನೆಲದಂತೆ ಕೂರುವ ಹಲಗೆ ಒಳ್ಳೆಯದು. ಸ್ಟೆಪ್ನಿ ತೆಗೆಯಲು ಹಲಗೆ ಎತ್ತುವಂತಿರಬೇಕು, ಮರೆಯಬೇಡಿ. ಮಳೆಯಲ್ಲಿ, ರಾತ್ರಿಯಲ್ಲಿ, ಹೆದ್ದಾರಿಯ ಅಂಚಿನಲ್ಲಿ ಟೈರು ಬದಲಿಸುವವರು ನೀವೇ!

ಬಿಸಿಯ ಲೆಕ್ಕ

ರ‍್ಯಾಕ್ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಉತ್ತರ ಶಾಖದಲ್ಲಿದೆ. ಹಳೆಯ ಬಗೆಯ ಕ್ಲಾಸ್-ಎಬಿ ಆಂಪ್ಲಿಫೈಯರ್ ಜೋರಾಗಿ ಹಾಡುವಾಗ ತಾನು ಕುಡಿದ ವಿದ್ಯುತ್ತಿನಲ್ಲಿ ಸುಮಾರು ನೂರಕ್ಕೆ 60 ಭಾಗವನ್ನು ಮಾತ್ರ ಸ್ಪೀಕರಿಗೆ ಕೊಡುತ್ತದೆ. ಉಳಿದದ್ದು ಬಿಸಿ. 300 ವಾಟ್ ಕೊಡಬೇಕಾದರೆ 500 ವಾಟ್ ತಿನ್ನುತ್ತದೆ, 200 ವಾಟ್ ಶಾಖ ಬಿಡುತ್ತದೆ. ಎರಡು ದೊಡ್ಡ ಹಳೇ ಕಾಲದ ಬಲ್ಬು ಉರಿದಷ್ಟು ಬಿಸಿ, ಮುಚ್ಚಿದ ಡಿಕ್ಕಿಯೊಳಗೆ! ಕ್ಲಾಸ್-ಡಿ ಆಂಪ್ಲಿಫೈಯರ್ ನೂರಕ್ಕೆ 80ರ ಆಸುಪಾಸು ಕೊಡುತ್ತದೆ. ಅದೇ 300 ವಾಟಿಗೆ ಸುಮಾರು 75 ವಾಟ್ ಮಾತ್ರ ಬಿಸಿ. ಹಾಡಿನಲ್ಲಿ ಏರಿಳಿತ ಇರುವುದರಿಂದ ಸರಾಸರಿ ಇದಕ್ಕಿಂತ ಬಹಳ ಕಡಿಮೆಯೇ. ಆದರೂ ಮೇ ತಿಂಗಳ ಹೈದರಾಬಾದ್, ದೆಹಲಿ, ಚೆನ್ನೈ ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಏನಾಗುತ್ತದೆಂದು ಸ್ಟಿಯರಿಂಗ್ ಮುಟ್ಟಿದವರಿಗೆ ಗೊತ್ತು.

ಆದ್ದರಿಂದ ನಿಯಮ ಇಷ್ಟು. ಪ್ರತಿ ಆಂಪ್ಲಿಫೈಯರಿನ ಸುತ್ತ ಕನಿಷ್ಠ 5 ಸೆಂ.ಮೀ. ಖಾಲಿ ಜಾಗ ಬಿಡಿ. ನೆಟ್ಟಗೆ ನಿಲ್ಲಿಸುವುದಾದರೆ ಏಣುಗಳು ಮೇಲಿಂದ ಕೆಳಕ್ಕೆ ಸಾಗುವಂತಿರಲಿ, ಆಗ ಅವುಗಳ ಸಂದಿಯಲ್ಲೇ ಗಾಳಿ ಹೊಗೆಗೂಡಿನಂತೆ ಏರುತ್ತದೆ. ಮುಚ್ಚಳ ಹಾಕಿ ಚಂದ ಮಾಡಬೇಕೆಂದರೆ ಕಂಪ್ಯೂಟರಿನ 80 ಮಿ.ಮೀ. ಫ್ಯಾನುಗಳನ್ನು ಎರಡು ಇಡಿ, ಒಂದು ಗಾಳಿ ಒಳಗೆ ತಳ್ಳಲು, ಇನ್ನೊಂದು ಹೊರಗೆ ಎಳೆಯಲು. ಅವು 12 ವೋಲ್ಟಿನವೇ ಆದ್ದರಿಂದ ಕಾರಿಗೆ ಸರಿಹೊಂದುತ್ತವೆ.

ಇನ್ನೊಂದು ಕಿವಿಮಾತು. ಡಬ್ಬಿಯ ಮೇಲೆ "1200 ವಾಟ್" ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಬೆರಗಾಗಬೇಡಿ. ಪಕ್ಕದಲ್ಲಿ ಚುಚ್ಚಿರುವ ಫ್ಯೂಸನ್ನು ನೋಡಿ. ಅದು 30 ಆಂಪಿಯರ್ ಅಂದುಕೊಳ್ಳಿ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ ಸುಮಾರು 13.8. ಗುಣಿಸಿದರೆ 414 ವಾಟ್. ಒಳಗೆ ಹೋಗುವುದೇ 414 ಆದರೆ ಹೊರಗೆ 1200 ಬರುವುದೆಲ್ಲಿಂದ? ಕ್ಲಾಸ್-ಎಬಿ ಆದರೆ ನಿಜವಾಗಿ ಸಿಗುವುದು 250ರ ಹತ್ತಿರ. ಕೊಳ್ಳುವಾಗ ಆರ್‌ಎಂಎಸ್ ವಾಟ್ ಎಷ್ಟೆಂದು ಕೇಳಿ, ಅಂಗಡಿಯವರು ತಡವರಿಸಿದರೆ ಫ್ಯೂಸಿನ ಲೆಕ್ಕ ನೀವೇ ಹಾಕಿ.

ಬೇಕಾಗುವ ಸಾಮಾನು

ಹಲಗೆಗೆ 12 ಮಿ.ಮೀ. ಪ್ಲೈವುಡ್ ಸಾಕು. ಐಎಸ್ 710 ಎಂದು ಮುದ್ರೆಯಿರುವ ಮರೀನ್ ಪ್ಲೈ ಆದರೆ ಒಳ್ಳೆಯದು, ಮುಂಬೈನ ಮಳೆಗಾಲಕ್ಕೂ ಚೆನ್ನೈನ ಕಡಲ ಗಾಳಿಗೂ ಅದು ಜಗ್ಗುವುದಿಲ್ಲ. ಎಂಡಿಎಫ್ ನುಣುಪಾಗಿ ಕಾಣುತ್ತದೆ, ಆದರೆ ನೀರು ಕಂಡರೆ ರಸ್ಕಿನಂತೆ ಉಬ್ಬುತ್ತದೆ. ಪಾರ್ಟಿಕಲ್ ಬೋರ್ಡಂತೂ ಸ್ಕ್ರೂ ಹಿಡಿಯುವುದೇ ಇಲ್ಲ, ಬೇಡವೇ ಬೇಡ. "ಕಬ್ಬಿಣದ ತಗಡೇ ಗಟ್ಟಿಯಲ್ಲವೆ?" ಎಂದು ಕೇಳಬಹುದು. ಗಟ್ಟಿ ಹೌದು, ಆದರೆ ಆಂಪ್ಲಿಫೈಯರಿನ ಲೋಹದ ಮೈ ಕಾರಿನ ಮೈಗೆ ನೇರವಾಗಿ ತಾಗಿದರೆ ಅರ್ತಿಗೆ ಎರಡು ದಾರಿಯಾಗಿ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಸೇರಿಕೊಳ್ಳಬಹುದು. ಮರದ ಹಲಗೆ ನಡುವೆ ನಿಂತು ಅದನ್ನು ತಡೆಯುತ್ತದೆ.

ಹಲಗೆಯ ಬೆನ್ನಿಗೆ 25×25×3 ಮಿ.ಮೀ. ಅಲ್ಯೂಮಿನಿಯಂ ಆಂಗಲ್ ಎರಡು ತುಂಡು. ಕಾರಿಗೆ ಬಿಗಿಯಲು ಎಂ-6 ಬೋಲ್ಟ್ ನಾಲ್ಕು, ಅಗಲದ ವಾಷರುಗಳು, ಅದುರಿದರೂ ಸಡಿಲಾಗದ ನೈಲಾಕ್ ನಟ್ಟುಗಳು. ಆಂಪ್ಲಿಫೈಯರನ್ನು ಹಲಗೆಗೆ ಬಿಗಿಯಲು ಎಂ-5 ಬೋಲ್ಟ್ ಮತ್ತು ಟೀ-ನಟ್. ಟೀ-ನಟ್ ಅಂದರೆ ಹಲಗೆಯ ಹಿಂಬದಿಯಲ್ಲಿ ಮುಳ್ಳುಗಳಿಂದ ಕಚ್ಚಿ ಕೂರುವ ನಟ್. ಮರದ ಸ್ಕ್ರೂವನ್ನು ನಾಲ್ಕು ಸಲ ಬಿಚ್ಚಿ ಹಾಕಿದರೆ ತೂತು ಸಡಿಲಾಗುತ್ತದೆ, ಟೀ-ನಟ್ಟಿಗೆ ಆ ಬಾಧೆಯಿಲ್ಲ. ಜತೆಗೆ ರಬ್ಬರ್ ವಾಷರುಗಳು, ರಬ್ಬರ್ ಗ್ರೋಮೆಟುಗಳು, ವೈರ್ ಟೈ, ಹಲಗೆಗೆ ಬಳಿಯಲು ಒಂದು ಡಬ್ಬಿ ಪ್ರೈಮರ್, ಮೇಲೆ ಅಂಟಿಸಲು ಬೂದು ಕಾರ್ಪೆಟ್.

ಎಲ್ಲಿ ಸಿಗುತ್ತದೆ? ವೈರು, ಫ್ಯೂಸು, ಫ್ಯಾನು, ರಿಲೇಗಳಿಗೆ ಮುಂಬೈಯವರು ಲ್ಯಾಮಿಂಗ್ಟನ್ ರೋಡಿಗೆ ಹೋಗಿ. ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ದೆಹಲಿಯವರಿಗೆ ಲಜಪತ್ ರಾಯ್ ಮಾರ್ಕೆಟ್, ಹೈದರಾಬಾದಿನವರಿಗೆ ಕೋಠಿಯ ಗುಜರಾತಿ ಗಲ್ಲಿ, ಪುಣೆಯವರಿಗೆ ಬುಧವಾರ ಪೇಟೆ. ರಜೆಯಲ್ಲಿ ಬೆಂಗಳೂರಿಗೆ ಹೋಗುವವರಿಗೆ ನಮ್ಮ ಎಸ್.ಪಿ. ರೋಡ್ ಇದ್ದೇ ಇದೆಯಲ್ಲ!

ಅಳೆಯೋಣ, ಕೊಯ್ಯೋಣ

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮಲ್ಲಿ 32×20 ಸೆಂ.ಮೀ. ಅಳತೆಯ ನಾಲ್ಕು ಚಾನೆಲ್ಲಿನದು ಒಂದು, 25×20 ಸೆಂ.ಮೀ. ಅಳತೆಯ ಸಬ್‌ವೂಫರಿನದು ಒಂದು, ಹೀಗೆ ಎರಡು ಆಂಪ್ಲಿಫೈಯರ್ ಇವೆ. ಅಕ್ಕಪಕ್ಕ ಇಟ್ಟರೆ 57 ಸೆಂ.ಮೀ., ನಡುವೆ 6 ಬಿಟ್ಟರೆ 63, ಎರಡು ಬದಿಗೆ ಎಂಟೂವರೆಯಂತೆ ಸೇರಿಸಿದರೆ 80. ಎತ್ತರ 20, ಮೇಲೆ ಕೆಳಗೆ ಏಳೂವರೆಯಂತೆ ಸೇರಿಸಿದರೆ 35. ಅಂದರೆ 80×35 ಸೆಂ.ಮೀ. ಹಲಗೆ.

ಗರಗಸ ಹಿಡಿಯುವ ಮೊದಲು ಇದೇ ಅಳತೆಯ ರಟ್ಟು ಕತ್ತರಿಸಿ. ಟೀವಿ ಬಂದ ಡಬ್ಬ ಅಟ್ಟದ ಮೇಲಿರುತ್ತದಲ್ಲ, ಅದು ಸಾಕು. ರಟ್ಟನ್ನು ಡಿಕ್ಕಿಯಲ್ಲಿ ನಿಲ್ಲಿಸಿ, ಮುಚ್ಚಳ ಹಾಕಿ ತೆಗೆದು ನೋಡಿ. ಮುಚ್ಚಳದ ಕೈಗಳು ತಾಗುತ್ತವೆಯೆ? ಸ್ಟೆಪ್ನಿ ಹೊರಬರುತ್ತದೆಯೆ? ಊರಿಗೆ ಒಯ್ಯುವ ದೊಡ್ಡ ಸೂಟ್‌ಕೇಸ್ ಹಿಡಿಯುತ್ತದೆಯೆ? ಸೀಟಿನ ಬೆಲ್ಟಿನ ಯಾವ ಭಾಗಕ್ಕಾದರೂ ಅಡ್ಡಿಯೆ? ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಂಥ ಕೆಲಸಕ್ಕೇ ಹೇಳಿದ್ದು. ರಟ್ಟು ತಪ್ಪಾದರೆ ಇನ್ನೊಂದು ರಟ್ಟು, ಪ್ಲೈ ತಪ್ಪಾದರೆ ದುಡ್ಡು.

ರಟ್ಟು ಸರಿಹೋದ ಮೇಲೆ ಅದನ್ನೇ ಅಚ್ಚಾಗಿಟ್ಟು ಪ್ಲೈ ಕೊಯ್ಯಿಸಿ. ಅಂಚುಗಳನ್ನು ಉಜ್ಜಿ, ಎಲ್ಲ ಬದಿಗೂ, ತೂತುಗಳ ಒಳಗೂ ಪ್ರೈಮರ್ ಬಳಿಯಿರಿ. ಹಿಂಬದಿಗೆ ಅಲ್ಯೂಮಿನಿಯಂ ಆಂಗಲ್ಲುಗಳನ್ನು ಅಡ್ಡಲಾಗಿ, ಒಂದು ಮೇಲೆ ಒಂದು ಕೆಳಗೆ ಬೋಲ್ಟ್ ಮಾಡಿ. ಇದರಿಂದ ಹಲಗೆ ಬಗ್ಗುವುದಿಲ್ಲ. ಅಲ್ಲದೆ ಹಲಗೆಗೂ ಕಾರಿನ ಗೋಡೆಗೂ ನಡುವೆ ಎರಡೂವರೆ ಸೆಂ.ಮೀ. ಸಂದು ಸಿಗುತ್ತದೆ. ವೈರುಗಳೆಲ್ಲ ಆ ಸಂದಿನಲ್ಲಿ ಹಾಯುತ್ತವೆ, ಚೀಲಗಳಿಗೆ ಸಿಕ್ಕುವುದಿಲ್ಲ. ಆಂಪ್ಲಿಫೈಯರ್ ಕೂರಿಸುವಾಗ ಪ್ರತಿ ಬೋಲ್ಟಿನ ಅಡಿ ಒಂದೊಂದು ರಬ್ಬರ್ ವಾಷರ್ ಹಾಕಿ.

ಕಾರಿಗೆ ಬಿಗಿಯುವುದು

ಇದು ಅತಿ ಮುಖ್ಯ ಭಾಗ, ದಯವಿಟ್ಟು ನಿಧಾನವಾಗಿ ಓದಿ.

ಎರಡು ಆಂಪ್ಲಿಫೈಯರ್, ಹಲಗೆ ಎಲ್ಲ ಸೇರಿ 8 ಕಿಲೋ ಎಂದಿಟ್ಟುಕೊಳ್ಳೋಣ. 8 ಕಿಲೋ ಏನು ಮಹಾ ಅನ್ನಿಸಬಹುದು. ಆದರೆ ಗಂಟೆಗೆ 50 ಕಿ.ಮೀ. ವೇಗದ ಕಾರು ಗುದ್ದಿ ಅರವತ್ತು ಸೆಂ.ಮೀ. ಒಳಗೆ ನಿಂತುಬಿಟ್ಟರೆ, ಒಳಗಿರುವ ಪ್ರತಿ ವಸ್ತುವೂ ತನ್ನ ತೂಕದ ಸುಮಾರು 16 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ನಿಮ್ಮ 8 ಕಿಲೋ ಹಲಗೆ ಆ ಕ್ಷಣದಲ್ಲಿ 130 ಕಿಲೋ ಮೂಟೆ. ಅದರ ಮುಂದೆ ಇರುವುದು ಹಿಂದಿನ ಸೀಟು. ಆ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ.

ಆದ್ದರಿಂದ ಕಾರ್ಪೆಟ್ಟಿಗೆ ಅಂಟುವ ವೆಲ್ಕ್ರೋ, ಡಬಲ್ ಟೇಪು, ತೆಳು ತಗಡಿಗೆ ತಿರುಪಿದ ಪುಟ್ಟ ಸ್ಕ್ರೂ ಇವ್ಯಾವನ್ನೂ ನಂಬಬೇಡಿ. ಬೋಲ್ಟ್ ಆರಪಾರ ಹೋಗಿ, ಎರಡು ಕಡೆಗೂ ಅಗಲದ ವಾಷರ್ ಇದ್ದು, ಹಿಂಬದಿಯಲ್ಲಿ ನೈಲಾಕ್ ನಟ್ ಕೂರಬೇಕು. ಆದಷ್ಟೂ ಕಾರಿನಲ್ಲಿ ಮೊದಲೇ ಇರುವ ತೂತುಗಳನ್ನೇ ಬಳಸಿ, ಕಾರ್ಪೆಟ್ ಎತ್ತಿ ಹುಡುಕಿದರೆ ಬಹಳಷ್ಟು ಸಿಗುತ್ತವೆ. ಸೀಟ್ ಬೆಲ್ಟಿನ ಬೋಲ್ಟನ್ನು ಮಾತ್ರ ಮುಟ್ಟಬೇಡಿ, ಅದು ನಿಮ್ಮ ಪ್ರಾಣಕ್ಕೆ ಮೀಸಲು.

ಹೊಸ ತೂತು ಕೊರೆಯಲೇಬೇಕಾದರೆ ಮೊದಲು ಕೆಳಗೆ ಬಗ್ಗಿ ನೋಡಿ. ಬಹಳಷ್ಟು ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಹಿಂದಿನ ಸೀಟಿನ ಅಡಿಯಲ್ಲೇ. ಬ್ರೇಕಿನ ಕೊಳವೆ, ಪೆಟ್ರೋಲಿನ ಕೊಳವೆ ನೆಲಕ್ಕೆ ಅಂಟಿಕೊಂಡು ಸಾಗುತ್ತವೆ. ಡ್ರಿಲ್ಲಿನ ತುದಿಗೆ ಅವುಗಳ ಗುರುತು ಪರಿಚಯ ಇರುವುದಿಲ್ಲ! ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಹೊಸ ತೂತಿನ ಯೋಚನೆಯೇ ಬೇಡ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದೆಗೆಯಿರಿ, ಅದರಲ್ಲಿ ಹರಿಯುವುದು ನೂರಾರು ವೋಲ್ಟ್.

ಕೊರೆದ ತೂತಿನ ಅಂಚಿಗೆ ಕೂಡಲೇ ಪ್ರೈಮರ್ ಹಚ್ಚಿ, ಇಲ್ಲವಾದರೆ ತುಕ್ಕು ಅಲ್ಲಿಂದಲೇ ಶುರು. ಎಲ್ಲ ಬಿಗಿದ ಮೇಲೆ ಹಲಗೆಯನ್ನು ಎರಡೂ ಕೈಯಿಂದ ಹಿಡಿದು ಜೋರಾಗಿ ಎಳೆಯಿರಿ. ಕಾರು ಅಲುಗಬೇಕು, ಹಲಗೆ ಅಲುಗಬಾರದು. ಇದೇ ಪರೀಕ್ಷೆ.

ವೈರು, ಫ್ಯೂಸು, ಅರ್ತು

ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಪಕ್ಕಕ್ಕಿಡಿ.

ಬ್ಯಾಟರಿಯಿಂದ ಡಿಕ್ಕಿಗೆ ಸುಮಾರು 5 ಮೀಟರ್ ವೈರು ಬೇಕು. ಮೇಲಿನ ಉದಾಹರಣೆಯ ಎರಡು ಆಂಪ್ಲಿಫೈಯರುಗಳೂ 300 ವಾಟಿನವಾದರೆ, ಪೂರ್ತಿ ದುಡಿದಾಗ ಒಂದು 36, ಇನ್ನೊಂದು 27, ಒಟ್ಟು 63 ಆಂಪಿಯರ್ ಕೇಳುತ್ತವೆ. 4 ಚದರ ಮಿ.ಮೀ. ತೆಳು ವೈರಿನಲ್ಲಿ ಇಷ್ಟು ಹರಿಸಿದರೆ ದಾರಿಯಲ್ಲೇ 1.4 ವೋಲ್ಟ್ ಕರಗಿ ಹೋಗುತ್ತದೆ, ವೈರು ಬಿಸಿಯಾಗುತ್ತದೆ. 16 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಕರಗುವುದು 0.35 ವೋಲ್ಟ್ ಮಾತ್ರ. ಅದು ಕನಿಷ್ಠ, 25 ಆದರೆ ನೆಮ್ಮದಿ. ಅಗ್ಗದ ವೈರುಗಳಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಇರುತ್ತದೆ. ತುದಿಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದೇ. ಅದರ ರೋಧ ತಾಮ್ರಕ್ಕಿಂತ ಒಂದೂವರೆ ಪಟ್ಟು ಜಾಸ್ತಿ.

ಸಣ್ಣ ಕಾರಿನ ಆಲ್ಟರ್ನೇಟರ್ ಸಾಮಾನ್ಯವಾಗಿ 60ರಿಂದ 90 ಆಂಪಿಯರಿನದು. ಅದರಲ್ಲೇ ಹೆಡ್‌ಲೈಟ್, ಏಸಿ, ವೈಪರ್ ಎಲ್ಲ ಬದುಕಬೇಕು. ಹಾಗಾಗಿ ಇದಕ್ಕಿಂತ ದೊಡ್ಡ ಆಂಪ್ಲಿಫೈಯರಿನ ಆಸೆ ಬಿಡುವುದೇ ಮೇಲು.

ಈಗ ಫ್ಯೂಸು. ಬ್ಯಾಟರಿಯ ಪಾಸಿಟಿವ್ ತುದಿಯಿಂದ 45 ಸೆಂ.ಮೀ. ಒಳಗೇ ಫ್ಯೂಸ್ ಇರಬೇಕು. ಹತ್ತಿರವಿದ್ದಷ್ಟೂ ಒಳ್ಳೆಯದು. "ಆಂಪ್ಲಿಫೈಯರಿನಲ್ಲೇ ಫ್ಯೂಸ್ ಇದೆಯಲ್ಲ" ಎಂದು ನನ್ನ ಅಂಗಡಿಯವರೂ ಹೇಳಿದ್ದರು. ಅದು ಆಂಪ್ಲಿಫೈಯರನ್ನು ಕಾಯುತ್ತದೆ. ನಡುವಿನ 5 ಮೀಟರ್ ವೈರನ್ನು ಕಾಯುವವರು ಯಾರು? ವೈರಿನ ಸಿಪ್ಪೆ ಸುಲಿದು ಕಾರಿನ ಮೈಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ವೈರು ಕೆಂಪಾಗಿ ಕಾಯುತ್ತದೆ. ಬ್ಯಾಟರಿಯ ಬಳಿಯ ಫ್ಯೂಸು ಕ್ಷಣದಲ್ಲಿ ಹಾರಿ ಕಥೆ ಮುಗಿಸುತ್ತದೆ. ಖಂಬಾಟಕಿಯಲ್ಲಿ ನಮಗಿಲ್ಲದ್ದು ಅದೊಂದೇ. ನಮ್ಮ ಉದಾಹರಣೆಗೆ ಅಲ್ಲಿ 60 ಆಂಪಿಯರ್ ಫ್ಯೂಸ್ ಇರಲಿ. ಹಾಡಿನ ಏರಿಳಿತಕ್ಕೆ ಅದು ಸಾಕು. ರ‍್ಯಾಕಿನ ಮೇಲೆ ಒಂದು ಡಿಸ್ಟ್ರಿಬ್ಯೂಷನ್ ಬ್ಲಾಕ್ ಇಟ್ಟು ಅಲ್ಲಿಂದ 10 ಚದರ ಮಿ.ಮೀ. ಕವಲುಗಳನ್ನು ತೆಗೆಯಿರಿ. ವೈರು ತೆಳುವಾಗುವ ಜಾಗದಲ್ಲೆಲ್ಲ ಹೊಸ ಫ್ಯೂಸು ಬೇಕು, ಒಂದಕ್ಕೆ 40, ಇನ್ನೊಂದಕ್ಕೆ 30.

ಎಂಜಿನ್ ಕಡೆಯಿಂದ ವೈರು ಒಳಬರುವ ತಗಡಿನ ತೂತಿಗೆ ರಬ್ಬರ್ ಗ್ರೋಮೆಟ್ ಕಡ್ಡಾಯ. ಬರಿಯ ತಗಡಿನ ಅಂಚು ಬ್ಲೇಡಿದ್ದಂತೆ. ಕೆಲವೇ ರೂಪಾಯಿಯ ಈ ರಬ್ಬರಿಗೆ ಜಿಪುಣತನ ಮಾಡಿದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಅರ್ತ್ ವೈರು ಪಾಸಿಟಿವಿನಷ್ಟೇ ದಪ್ಪ, ಆದಷ್ಟು ಗಿಡ್ಡ, 45 ಸೆಂ.ಮೀ. ಮೀರದಂತೆ ಇರಲಿ. ಕಾರಿನ ಮೈಯ ಗಟ್ಟಿ ಭಾಗ ಹುಡುಕಿ, ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಬಿಗಿದ ಮೇಲೆ ಸುತ್ತ ಮತ್ತೆ ಬಣ್ಣ ಬಳಿಯಿರಿ. ಎರಡೂ ಆಂಪ್ಲಿಫೈಯರುಗಳಿಗೆ ಒಂದೇ ಅರ್ತ್ ಬಿಂದು ಇರಲಿ. ಹಾಡಿನ ಜತೆ ಎಂಜಿನ್ನಿನ ಸದ್ದೂ ಏರಿಳಿಯುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಈ ಬಿಂದುವನ್ನೇ.

ಫ್ಯಾನುಗಳನ್ನು ಸ್ಟೀರಿಯೋದಿಂದ ಬರುವ ರಿಮೋಟ್ ವೈರಿಗೆ ನೇರವಾಗಿ ಸಿಕ್ಕಿಸಬೇಡಿ, ಅದು ಸೂಚನೆ ಕೊಡುವ ತೆಳು ವೈರು, ಹೊರೆ ಹೊರುವುದಲ್ಲ. ನಾಲ್ಕು ಕಾಲಿನ ಕಾರ್ ರಿಲೇ ಬಳಸಿ: 86ಕ್ಕೆ ರಿಮೋಟ್, 85ಕ್ಕೆ ಅರ್ತ್, 30ಕ್ಕೆ ಪುಟ್ಟ ಫ್ಯೂಸಿನ ಮೂಲಕ ಪಾಸಿಟಿವ್, 87ರಿಂದ ಫ್ಯಾನು. ಸ್ಟೀರಿಯೋ ಹಚ್ಚಿದಾಗ ಫ್ಯಾನು ತಿರುಗುತ್ತದೆ, ಆರಿಸಿದಾಗ ನಿಲ್ಲುತ್ತದೆ.

ರೇಡಿಯೋ ಕೆಟ್ಟರೆ ನಮ್ಮನ್ನು ಬೈಯಬೇಡಿ!

"ಆಂಪ್ಲಿಫೈಯರ್ ಹಾಕಿಸಿದ ಮೇಲೆ ಪೆನ್‌ಡ್ರೈವಿನ ಹಾಡು ಚೆನ್ನಾಗಿದೆ, ಆದರೆ ನಿಮ್ಮ ಸ್ಟೇಷನ್ ಮಾತ್ರ ಕರಕರ ಅನ್ನುತ್ತದೆ" ಎಂಬ ದೂರು ನಿಮ್ಮದೂ ಆಗಬಹುದು. ತಪ್ಪು ಸ್ಟೇಷನ್ನಿನದಲ್ಲ. ಕ್ಲಾಸ್-ಡಿ ಆಂಪ್ಲಿಫೈಯರ್ ಸೆಕೆಂಡಿಗೆ ಲಕ್ಷಾಂತರ ಸಲ ಹಚ್ಚಿ ಆರಿಸುವ ಯಂತ್ರ. ಅದರಿಂದ ಸೋರುವ ಅಲೆಗಳನ್ನು ಆಂಟೆನಾದ ಕೇಬಲ್ ಹಿಡಿದುಕೊಳ್ಳುತ್ತದೆ. ಆಂಟೆನಾ ಚಾವಣಿಯ ಹಿಂಬದಿಯಲ್ಲಿದ್ದರೆ ಅದರ ಕೇಬಲ್ ಯಾವ ಬದಿಯಿಂದ ಇಳಿಯುತ್ತದೆಂದು ಮೊದಲೇ ಪತ್ತೆಮಾಡಿ, ರ‍್ಯಾಕನ್ನೂ ಪಾಸಿಟಿವ್ ವೈರನ್ನೂ ಇನ್ನೊಂದು ಬದಿಗೆ ಇಡಿ. ಹಾಡನ್ನು ಒಯ್ಯುವ ಆರ್‌ಸಿಎ ಕೇಬಲನ್ನೂ ಪಾಸಿಟಿವ್ ವೈರಿನ ಜತೆ ಕಟ್ಟಬೇಡಿ. ಒಂದು ಎಡಕ್ಕಾದರೆ ಇನ್ನೊಂದು ಬಲಕ್ಕೆ. ದಾಟಲೇಬೇಕಾದರೆ ಕೂಡುರಸ್ತೆಯಂತೆ ಅಡ್ಡಲಾಗಿ ದಾಟಲಿ.

ಹೊಸ ಕಾರಿನವರಿಗೆ ಇನ್ನೊಂದು ಮಾತು. ವಾರಂಟಿ ಇರುವಾಗ ಕಂಪನಿಯ ವೈರ್ ಕತ್ತರಿಸಬೇಡಿ. ನಿಮ್ಮ ಮಾದರಿಗೆ ಹೊಂದುವ ಕಪ್ಲರ್ ಸಿಗುತ್ತದೆ, ಸಿಕ್ಕಿಸಿ ತೆಗೆಯಬಹುದು. ಕಾರಿನ ಮೂಲ ವಿನ್ಯಾಸ ಬದಲಿಸುವ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಡಿವಾಣ ಹಾಕುತ್ತದೆ. ನಮ್ಮ ಹಲಗೆ ಬೇಕೆಂದಾಗ ಬಿಚ್ಚಿ, ಕಾರನ್ನು ಮೊದಲಿನಂತೆ ಮಾಡುವಂತಿರಲಿ.

ಕೊನೆಯ ಪರೀಕ್ಷೆ

ಎಲ್ಲ ಜೋಡಿಸಿದ ಮೇಲೆ ಪ್ರತಿ ವೈರನ್ನೂ ಬೆರಳಿನಿಂದ ಎಳೆದು ನೋಡಿ. ಫ್ಯೂಸನ್ನು ಕಟ್ಟಕಡೆಗೆ ಚುಚ್ಚಿ. ಅರ್ಧ ಗಂಟೆ ಹಾಡು ಕೇಳಿ, ಡಿಕ್ಕಿ ತೆರೆದು ಆಂಪ್ಲಿಫೈಯರ್ ಮೇಲೆ ಅಂಗೈ ಇಡಿ. ಐದು ಸೆಕೆಂಡ್ ಇಡಲಾಗದಷ್ಟು ಬಿಸಿಯಾಗಿದ್ದರೆ ಗಾಳಿ ಸಾಲದು ಎಂದರ್ಥ. ವೈರಾಗಲಿ ಫ್ಯೂಸಿನ ಡಬ್ಬಿಯಾಗಲಿ ಬಿಸಿಯಾಗಿದ್ದರೆ ಎಲ್ಲೋ ಜೋಡಣೆ ಸಡಿಲ, ಕೂಡಲೇ ನಿಲ್ಲಿಸಿ ಹುಡುಕಿ. ಮೊದಲ 500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿಯಿರಿ. ಆಮೇಲೆ ಪ್ರತಿ ಸರ್ವಿಸಿಗೊಮ್ಮೆ ಒಂದು ಕಣ್ಣು ಹಾಯಿಸಿದರೆ ಸಾಕು.

ಮತ್ತು 10 ನಂಬರಿನ ಒಂದು ಸ್ಪ್ಯಾನರನ್ನು ಟೂಲ್ ಕಿಟ್ಟಿನಿಂದ ತೆಗೆದು ಮುಂದಿನ ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಕೊಳ್ಳಿ. ಬಹಳಷ್ಟು ಕಾರುಗಳ ಬ್ಯಾಟರಿಯ ನಟ್ಟಿಗೆ ಅದೇ ಹೊಂದುತ್ತದೆ. ಡಿಕ್ಕಿಯಲ್ಲಿ ಹೊಗೆ ಎದ್ದಾಗ ಡಿಕ್ಕಿಯೊಳಗಿನ ಸ್ಪ್ಯಾನರ್ ಹುಡುಕುವ ಪಾಡು ನಿಮಗೆ ಬಾರದಿರಲಿ.

ನಾನು ಮಾಡಿದ ಮೊದಲ ಹಲಗೆ ಅಷ್ಟೇನೂ ಚಂದವಿರಲಿಲ್ಲ, ಕಾರ್ಪೆಟ್ ಒಂದು ಮೂಲೆಯಲ್ಲಿ ಸುಕ್ಕು. ಆದರೆ ಮುಂದಿನ ಯುಗಾದಿಗೆ ಊರಿಗೆ ಹೊರಟಾಗ ಅಮ್ಮ ಅದೇ ಹಿಂದಿನ ಸೀಟಿನಲ್ಲಿ ಕೂತು, ಸಾತಾರಾ ಬರುವ ಮೊದಲೇ ನಿದ್ದೆ ಹೋಗಿದ್ದಳು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾಗಿರಲಿಲ್ಲ.

ಈ ಭಾನುವಾರ ರಟ್ಟು ಹುಡುಕಿ, ಟೇಪು ಹಿಡಿಯಿರಿ. ಕೆಲಸ ಮಾಡುವಾಗ ಪಕ್ಕದಲ್ಲಿ ರೇಡಿಯೋ ಹಾಡುತ್ತಿರಲಿ. ಪ್ರಯಾಣ ಸುಖಕರವಾಗಲಿ!